ಫೋರ್ಟ್ ವೈಲ್ಡರ್‌ನೆಸ್ ಕ್ಯಾಂಪ್‌ಗ್ರೌಂಡ್‌ಗೆ ಹೋಗುವುದು: ಕಾರು, ಬಸ್ಸು, ದೋಣಿ, ಯಾವುದು ಎಲ್ಲಿಯವರೆಗೆ?

ಹನಿಮಳೆ
ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನ ಫೋರ್ಟ್ ವೈಲ್ಡರ್‌ನೆಸ್‌ನಲ್ಲಿ ಎರಡು ಟೆಂಟ್ ಸೈಟು ಬುಕ್ ಆಗಿವೆ, ಐದು ರಾತ್ರಿಗೆ. ಒಂದು ಸಂಸಾರ ನ್ಯೂಜೆರ್ಸಿಯಿಂದ ಸ್ವಂತ ಕಾರಿನಲ್ಲಿ ಹೊರಡುತ್ತದೆ, ಟೆಂಟು, ಪಾತ್ರೆ-ಪಡಗ ಎಲ್ಲ ಅದರಲ್ಲೇ. ಇನ್ನೊಂದು ಸಂಸಾರ ವಿಮಾನದಲ್ಲಿ ಒರ್ಲಾಂಡೊಗೆ ಬರುತ್ತದೆ, ಅವರಿಗೆ ಕಾರಿಲ್ಲ. ಒಟ್ಟು ಎಂಟು ಜನ. ಇಬ್ಬರು ಎಪ್ಪತ್ತರ ಹತ್ತಿರದವರು, ಇಬ್ಬರು ಐದರೊಳಗಿನ ಮಕ್ಕಳು.

ಕೇಳಬೇಕಾಗಿರುವುದು: ಹೈವೇಯಿಂದ ಯಾವ ಎಕ್ಸಿಟ್ ಹಿಡಿಯಬೇಕು? ಏರ್‌ಪೋರ್ಟ್‌ನಿಂದ ಬಸ್ಸಿದೆಯೇ? ಒಳಗೆ ಹೋದ ಮೇಲೆ ದಿನಾ ಪಾರ್ಕುಗಳಿಗೆ ಕಾರು ತೆಗೆಯುವುದು ಒಳ್ಳೆಯದೋ, ಡಿಸ್ನಿಯ ಬಸ್ಸೇ ಸಾಕೋ? ಗಾಲ್ಫ್ ಕಾರ್ಟ್ ಬೇಕೇಬೇಕು ಅಂತ ಎಲ್ಲರೂ ಹೇಳುತ್ತಾರೆ, ನಿಜವೇ?

ಕಾಡುದಾರಿ
ಎಕ್ಸಿಟ್ ನಂಬರಿಗಿಂತ ಮೊದಲು ತಿಳಿಯಬೇಕಾದ ಮಾತೊಂದಿದೆ. ಗೇಟಿನ ತನಕ ಹೋಗುವುದು ಸುಲಭ. ಗೇಟು ದಾಟಿದ ಮೇಲಿನ ಎರಡು ಕಿಲೋಮೀಟರೇ ಜನರ ಲೆಕ್ಕ ತಪ್ಪಿಸುವುದು. ಹೊರಗಿನ ದಾರಿಯನ್ನು ನಿಮಿಷ ನಿಮಿಷ ಎಣಿಸಿಕೊಂಡು ಬಂದವರು ಒಳಗಿನ ದಾರಿಗೆ ಸೊನ್ನೆ ಹಾಕಿರುತ್ತಾರೆ.

ಜಾಗದ ಸ್ವರೂಪ ಹೀಗಿದೆ. 1971ರ ನವೆಂಬರಿನಲ್ಲಿ, ಡಿಸ್ನಿ ವರ್ಲ್ಡ್ ಶುರುವಾದ ಮರುತಿಂಗಳೇ ತೆರೆದ ಕ್ಯಾಂಪ್‌ಗ್ರೌಂಡ್ ಇದು. ಬೇ ಲೇಕ್ ಅನ್ನುವ ಕೆರೆಯ ದಕ್ಷಿಣ ದಂಡೆಯಿಂದ ಶುರುವಾಗಿ ಸುಮಾರು 750 ಎಕರೆ ಕಾಡಿನಲ್ಲಿ ಹರಡಿಕೊಂಡಿದೆ. ರಸ್ತೆಯಿಂದ ಬರುವ ಬಾಗಿಲು ಒಂದು ತುದಿಯಲ್ಲಿ, ದೋಣಿಕಟ್ಟೆ ಇನ್ನೊಂದು ತುದಿಯಲ್ಲಿ. ಈ ಎರಡರ ನಡುವೆ ಒಂದು ಮುಖ್ಯ ರಸ್ತೆ, ಅದರಿಂದ ಕವಲೊಡೆದ 28 ಲೂಪುಗಳು, ಅಂದರೆ ಸೈಟುಗಳಿರುವ ಸುತ್ತುರಸ್ತೆಗಳು. ಲೂಪುಗಳಿಗೆ 100, 200 ಹೀಗೆ 2800ರ ತನಕ ನಂಬರು. ಸೈಟಿನ ನಂಬರಿನಲ್ಲೇ ಲೂಪು ಅಡಗಿದೆ: 1534 ಅಂದರೆ 1500ನೇ ಲೂಪಿನ 34ನೇ ಸೈಟು. 2100ರಿಂದ ಮುಂದಿನವು ಕ್ಯಾಬಿನ್‌ಗಳು. 100, 200, 300 ದೋಣಿಕಟ್ಟೆಗೆ ಹತ್ತಿರ. ಟೆಂಟಿನವರಿಗೆ ಸಾಮಾನ್ಯವಾಗಿ 1500 ಅಥವಾ 2000 ಸಿಗುತ್ತದೆ.

ಒಳಗಿನ ಬಸ್ಸಿಗೆ ಮೂರು ದೊಡ್ಡ ನಿಲ್ದಾಣ: ಬಾಗಿಲ ಬಳಿ ಔಟ್‌ಪೋಸ್ಟ್, ನಡುವೆ ಮೆಡೋ, ಕೆರೆಯ ಬಳಿ ಸೆಟಲ್‌ಮೆಂಟ್. ಇದರ ಜೊತೆಗೆ ಎರಡು ಮೂರು ಲೂಪಿಗೊಂದು ಚಿಕ್ಕ ನಿಲ್ದಾಣ ಇರುತ್ತದೆ. ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಪಾರ್ಕುಗಳಿಗೆ, ಡಿಸ್ನಿ ಸ್ಪ್ರಿಂಗ್ಸ್ ಅನ್ನುವ ಅಂಗಡಿ-ಹೋಟೆಲುಗಳ ಜಾಗಕ್ಕೆ ಹೋಗುವ ಹೊರಗಿನ ಬಸ್ಸು ನಿಮ್ಮ ಲೂಪಿಗೆ ಬರುವುದಿಲ್ಲ. ಒಳಗಿನ ಬಸ್ಸಿನಲ್ಲಿ ಔಟ್‌ಪೋಸ್ಟ್‌ಗೆ ಹೋಗಿ ಅಲ್ಲಿ ಇಳಿದು ಬೇರೆ ಬಸ್ಸು ಹತ್ತಬೇಕು. ನಾಲ್ಕನೇ ಪಾರ್ಕಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ ತಿರುಗು ದಿಕ್ಕು: ಸೆಟಲ್‌ಮೆಂಟ್‌ಗೆ ಹೋಗಿ ದೋಣಿ ಹತ್ತಬೇಕು. ಯಾವ ಪಾರ್ಕಿಗೆ ಅನ್ನುವುದರ ಮೇಲೆ ಬೆಳಿಗ್ಗೆ ಎಡಕ್ಕೋ ಬಲಕ್ಕೋ ನಿರ್ಧಾರವಾಗುತ್ತದೆ.

ಕಾರಿನ ಕಟ್ಟಳೆ: ಕ್ಯಾಂಪ್‌ಗ್ರೌಂಡ್ ಒಳಗೆ ಕಾರು ಇರುವುದು ಸೈಟಿಗೆ ಬರಲು, ಸೈಟಿನಿಂದ ಹೊರಗೆ ಹೋಗಲು. ಈಜುಕೊಳಕ್ಕೆ, ದೋಣಿಕಟ್ಟೆಗೆ, ಅಂಗಡಿಗೆ ಅಂತ ಒಳಗೊಳಗೇ ಓಡಿಸುವಂತಿಲ್ಲ. ಅಲ್ಲಿ ಕಾರಿಗೆ ಪಾರ್ಕಿಂಗ್ ಜಾಗವೂ ಇಲ್ಲ.

ನಕ್ಷೆಪ್ರಿಯ
ರಸ್ತೆಯ ವಿಷಯ ನಾನು ಹೇಳುತ್ತೇನೆ.

ಐ-4 ಹೆದ್ದಾರಿಯ ಬೋರ್ಡುಗಳಲ್ಲಿ ಈಸ್ಟ್, ವೆಸ್ಟ್ ಅಂತ ಮಾತ್ರ ಇರುತ್ತದೆ. ನಕ್ಷೆಯಲ್ಲಿ ನೋಡಿದರೆ ಒರ್ಲಾಂಡೊ ಪೇಟೆಯಿಂದ ಡಿಸ್ನಿ ನೈಋತ್ಯಕ್ಕೆ, ಹಾಗಾಗಿ ಎಷ್ಟೋ ಜನ 'ಸೌತ್' ಅನ್ನುವ ಬೋರ್ಡು ಹುಡುಕುತ್ತಾರೆ. ಏರ್‌ಪೋರ್ಟ್ ಅಥವಾ ಪೇಟೆ ಕಡೆಯಿಂದ ಬರುವವರು ಹಿಡಿಯಬೇಕಾದದ್ದು ಐ-4 ವೆಸ್ಟ್, ಟ್ಯಾಂಪಾ ಕಡೆ. ಎಕ್ಸಿಟ್ ನಂಬರು ಟ್ಯಾಂಪಾದಿಂದ ಮೈಲಿ ಲೆಕ್ಕದಲ್ಲಿ ಏರುತ್ತಾ ಬರುವುದರಿಂದ ಪೇಟೆಯಿಂದ ಹೊರಟವರಿಗೆ ನಂಬರು ಇಳಿಯುತ್ತಾ ಹೋಗುತ್ತದೆ: ಮೊದಲು 67, ಆಮೇಲೆ 65, ಆಮೇಲೆ 64.

67 ಎಪ್ಕಾಟ್ ಮತ್ತು ಡಿಸ್ನಿ ಸ್ಪ್ರಿಂಗ್ಸ್ ಕಡೆಯದು. 64 ಅಂದರೆ ಯುಎಸ್ 192 ರಸ್ತೆ, ಅಲ್ಲಿಂದ ವರ್ಲ್ಡ್ ಡ್ರೈವ್ ಹಿಡಿದು ಉತ್ತರಕ್ಕೆ, ಮ್ಯಾಜಿಕ್ ಕಿಂಗ್‌ಡಮ್ ಕಡೆ. ಎರಡರಿಂದಲೂ ಹೋಗಬಹುದು. ಡಿಸ್ನಿ ಆವರಣದೊಳಗೆ ಹೊಕ್ಕ ಮೇಲೆ ಫೋನ್ ನಕ್ಷೆಗಿಂತ ಡಿಸ್ನಿಯ ದಾರಿಫಲಕಗಳನ್ನೇ ನಂಬಿ. ಒಳಗೆ ಸರ್ವಿಸ್ ರಸ್ತೆಗಳು ಬಹಳ. ಸಿಬ್ಬಂದಿಗೆ ಮಾತ್ರ ತೆರೆದಿರುವ ದಾರಿಯಲ್ಲಿ ಫೋನು ನಿಮ್ಮನ್ನು ತಿರುಗಿಸಿದರೆ, ಕಾರಿನಲ್ಲಾದರೆ ಐದು ನಿಮಿಷ ದಂಡ, ಹಿಂದೆ ಟ್ರೇಲರ್ ಇದ್ದರೆ ತಿರುಗಿಸಲು ಜಾಗವೇ ಇಲ್ಲದೆ ಒದ್ದಾಟ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಹೆಸರಿನಲ್ಲಿ. ಪಕ್ಕದಲ್ಲೇ ವೈಲ್ಡರ್‌ನೆಸ್ ಲಾಡ್ಜ್ ಅಂತ ದೊಡ್ಡ ಹೋಟೆಲಿದೆ. ಅದೂ ಅದೇ ಕೆರೆಯ ದಂಡೆಯಲ್ಲಿ, ದೋಣಿಯಲ್ಲಿ ನಾಲ್ಕು ಮಾರು ದೂರ. ಆದರೆ ಅದರ ಪ್ರವೇಶ ಟಿಂಬರ್‌ಲೈನ್ ಡ್ರೈವ್‌ನಲ್ಲಿ. ನಿಮ್ಮದು ಫೋರ್ಟ್ ವೈಲ್ಡರ್‌ನೆಸ್ ಟ್ರೇಲ್‌ನಲ್ಲಿ, ವಿಸ್ಟಾ ಬೂಲವಾರ್ಡ್ ಕಡೆಯಿಂದ. ಲಾಡ್ಜ್‌ಗೆ ಹೋಗಿಬಿಟ್ಟರೆ ಅಲ್ಲಿಂದ ಕ್ಯಾಂಪ್‌ಗ್ರೌಂಡ್‌ಗೆ ಕಾರಿನ ಒಳದಾರಿ ಇಲ್ಲ, ಹೊರಗೆ ಬಂದು ಸುತ್ತಬೇಕು. ಫೋನಿನಲ್ಲಿ 'ವೈಲ್ಡರ್‌ನೆಸ್' ಅಂತ ಅರ್ಧ ಬರೆದು ಮೊದಲು ಬಂದದ್ದನ್ನು ಒತ್ತಬೇಡಿ. 4510 ನಾರ್ತ್ ಫೋರ್ಟ್ ವೈಲ್ಡರ್‌ನೆಸ್ ಟ್ರೇಲ್ ಅಂತ ಪೂರ್ತಿ ವಿಳಾಸ ಹಾಕಿ. ಟ್ಯಾಕ್ಸಿ, ಉಬರ್ ಕರೆಯುವಾಗಲೂ ಇದೇ ಎಚ್ಚರ.

ಟೋಲ್: ನ್ಯೂಜೆರ್ಸಿಯ ಇ-ಝಡ್‌ಪಾಸ್ ಫ್ಲೋರಿಡಾದ ಟೋಲ್ ರಸ್ತೆಗಳಲ್ಲೂ ನಡೆಯುತ್ತದೆ, ಬೇರೆ ಪಾಸ್ ಬೇಕಿಲ್ಲ. ಬಾಡಿಗೆ ಕಾರು ತೆಗೆದುಕೊಳ್ಳುವವರು ಒರ್ಲಾಂಡೊ ಏರ್‌ಪೋರ್ಟ್‌ನಲ್ಲಿ ಪುಕ್ಕಟೆ ಸಿಗುವ ವಿಸಿಟರ್ ಟೋಲ್ ಪಾಸ್ ತೆಗೆದುಕೊಂಡರೆ ಬಾಡಿಗೆ ಕಂಪನಿಯ ದಿನಗಟ್ಟಲೆ ಸೇವಾಶುಲ್ಕ ತಪ್ಪುತ್ತದೆ. ಹಿಂದೆ ಟ್ರೇಲರ್ ಇದ್ದರೆ ಟೋಲ್ ಹೆಚ್ಚು, ಏಕೆಂದರೆ ಲೆಕ್ಕ ಆಕ್ಸಲ್ ಮೇಲೆ.

ಟೆಂಟುಗೂಟ
ನ್ಯೂಜೆರ್ಸಿಯವರು ಇಡೀ ದೂರ ಓಡಿಸಲೇಬೇಕು ಅಂತಿಲ್ಲ. ವರ್ಜೀನಿಯಾದ ಲಾರ್ಟನ್‌ನಿಂದ ಫ್ಲೋರಿಡಾದ ಸ್ಯಾನ್‌ಫರ್ಡ್‌ಗೆ ಆಮ್‌ಟ್ರ್ಯಾಕ್ ರೈಲು ಕಂಪನಿಯ ಆಟೋ ಟ್ರೇನ್ ಇದೆ. ಕಾರು ಹಿಂದಿನ ಡಬ್ಬಿಯಲ್ಲಿ, ನೀವು ಮುಂದಿನ ಡಬ್ಬಿಯಲ್ಲಿ, 855 ಮೈಲಿ. ಸಂಜೆ 5ಕ್ಕೆ ಹೊರಟು ಮರುದಿನ ಬೆಳಿಗ್ಗೆ 10ರ ಹೊತ್ತಿಗೆ ಇಳಿಸುತ್ತದೆ, ನಡುವೆ ಜನ ಹತ್ತಿ ಇಳಿಯುವ ಸ್ಟೇಷನ್ ಇಲ್ಲ. ಕಾರು ಮಧ್ಯಾಹ್ನ 3ರೊಳಗೆ ಒಪ್ಪಿಸಿರಬೇಕು. ಆಮೇಲೆ ಬಂದರೆ ರೈಲು ಕಣ್ಣೆದುರೇ ನಿಂತಿದ್ದರೂ ಹತ್ತಿಸುವುದಿಲ್ಲ. ವಾಷಿಂಗ್ಟನ್ ಸುತ್ತಲಿನ ಐ-95ರ ದಟ್ಟಣೆ ನೆನೆದು ಮಧ್ಯಾಹ್ನ 1ಕ್ಕೆ ಲಾರ್ಟನ್ ತಲುಪುವ ಹಾಗೆ ಹೊರಡಿ.

ಕ್ಯಾಂಪಿಂಗಿನವರು ಗಮನಿಸಬೇಕಾದದ್ದು ಮೂರು. ಒಂದು, ಒಲೆಯ ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಕ್ಯಾನ್ ಕಾರಿನಲ್ಲಿ ಇರಬಾರದು, ಫ್ಲೋರಿಡಾದಲ್ಲಿ ಕೊಳ್ಳಿ. ಎರಡು, ಮಾಡಿನ ಮೇಲೆ ಪೆಟ್ಟಿಗೆ ಕಟ್ಟಿದರೆ ವಾಹನದ ಎತ್ತರ ಬದಲಾಗುತ್ತದೆ, ಟಿಕೆಟ್ ತೆಗೆಯುವಾಗಲೇ ಅಳತೆ ಕೊಡಿ. ಮೂರು, ರೈಲು ಹೊರಟ ಮೇಲೆ ಕಾರಿನ ಹತ್ತಿರ ಹೋಗಲಾಗುವುದಿಲ್ಲ. ಔಷಧಿ, ಮಕ್ಕಳ ಬಟ್ಟೆ, ಒಂದು ಹೊದಿಕೆ ಕೈಚೀಲದಲ್ಲೇ ಇರಲಿ.

ಸ್ಯಾನ್‌ಫರ್ಡ್‌ನಲ್ಲಿ ಕಾರು ಇಳಿಸುವ ಕ್ರಮಕ್ಕೂ ನೀವು ಲಾರ್ಟನ್‌ಗೆ ಬಂದ ಕ್ರಮಕ್ಕೂ ಸಂಬಂಧವಿಲ್ಲ. ಮೊದಲು ಬಂದವರ ಕಾರು ಎಲ್ಲಕ್ಕಿಂತ ಕೊನೆಯಲ್ಲಿ ಇಳಿಯಲೂಬಹುದು. ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಅಲ್ಲಿಂದ ಐ-4 ಹಿಡಿದರೆ ಸುಮಾರು 40 ಮೈಲಿ, ಆದರೆ ಒರ್ಲಾಂಡೊ ಪೇಟೆಯ ನಟ್ಟನಡುವೆ. ಟೋಲ್ ರಸ್ತೆ 417 ಪೂರ್ವದಿಂದ ಸುತ್ತಿ ಬರುತ್ತದೆ, ಸುಮಾರು 55 ಮೈಲಿ. 6ನೇ ಎಕ್ಸಿಟ್‌ನಲ್ಲಿ 536ನೇ ರಸ್ತೆ ಹಿಡಿದರೆ ನೇರ ಡಿಸ್ನಿ ಆವರಣ. ಬೆಳಿಗ್ಗೆ 11ಕ್ಕೆ ಐ-4 ಸಾಕು. ಸಂಜೆ 4ರಿಂದ 7ರ ನಡುವೆ ಆದರೆ ದುಡ್ಡು ಹೋದರೂ 417.

ಸೈಟು ಕೈಗೆ ಸಿಗುವುದು ಮಧ್ಯಾಹ್ನ 1ಕ್ಕೆ. ರೈಲಿಳಿದು, ದಾರಿಯಲ್ಲಿ ಐಸು, ಗ್ಯಾಸು, ಅಕ್ಕಿಬೇಳೆ ಕೊಂಡು ಬಂದರೆ ಹೊತ್ತು ಸರಿಹೋಗುತ್ತದೆ.

ಹನಿಮಳೆ
ಆಟೋ ಟ್ರೇನ್ ವಿಷಯ ಬಹಳ ಉಪಯೋಗವಾಯಿತು. ವಿಮಾನದಲ್ಲಿ ಬರುವವರಿಗೆ? ಡಿಸ್ನಿಯವರದೇ ಪುಕ್ಕಟೆ ಬಸ್ಸು ಏರ್‌ಪೋರ್ಟ್‌ನಿಂದ ಇತ್ತಲ್ಲ?

ನಿಲ್ದಾಣ
ಆ ಪುಕ್ಕಟೆ ಬಸ್ಸು, ಮ್ಯಾಜಿಕಲ್ ಎಕ್ಸ್‌ಪ್ರೆಸ್, 2022ರ ಜನವರಿಯ ಹೊತ್ತಿಗೇ ನಿಂತುಹೋಯಿತು. ಹಳೆಯ ಬರಹಗಳಲ್ಲಿ ಇನ್ನೂ ಕಾಣಿಸುತ್ತದೆ, ನಂಬಬೇಡಿ.

ಈಗಿರುವ ದಾರಿಗಳು, ನಿಮ್ಮ ಗುಂಪಿಗೆ ಹೊಂದುವ ಕ್ರಮದಲ್ಲಿ:

ಉಬರ್ ಅಥವಾ ಲಿಫ್ಟ್‌ನ ದೊಡ್ಡ ಗಾಡಿ. ಏರ್‌ಪೋರ್ಟ್‌ನಿಂದ ದಟ್ಟಣೆ ಇಲ್ಲದಿದ್ದರೆ 35-40 ನಿಮಿಷ. ಮೂವರಿಗಿಂತ ಹೆಚ್ಚು ಜನ, ಜೊತೆಗೆ ಟೆಂಟಿನ ಚೀಲ ಅಂದರೆ ಸಾಮಾನ್ಯ ಕಾರಿನ ಡಿಕ್ಕಿ ಸಾಲದು, ಮೊದಲೇ ಎಕ್ಸ್‌ಎಲ್ ಆರಿಸಿ. ಫ್ಲೋರಿಡಾದಲ್ಲಿ 5 ವರ್ಷದವರೆಗಿನ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ, ಬರುವ ಗಾಡಿಯಲ್ಲಿ ಅದು ಇರುವುದಿಲ್ಲ. ಮನೆಯಿಂದಲೇ ತನ್ನಿ; ವಿಮಾನದಲ್ಲಿ ಅದಕ್ಕೆ ಸಾಮಾನ್ಯವಾಗಿ ಲಗೇಜ್ ಶುಲ್ಕ ಹಾಕುವುದಿಲ್ಲ.

ಹಂಚಿಕೆಯ ಶಟಲ್ ಬಸ್ಸು. ಮಿಯರ್ಸ್ ಕನೆಕ್ಟ್ ಅನ್ನುವುದು ಡಿಸ್ನಿ ಹೋಟೆಲುಗಳಿಗೆ ಓಡುತ್ತದೆ, ತಲೆಗಿಷ್ಟು ಅಂತ ದರ. ಹಾಗಾಗಿ ಒಬ್ಬಿಬ್ಬರಿಗೆ ಅಗ್ಗ, ನಾಲ್ಕು ಜನಕ್ಕೆ ಟ್ಯಾಕ್ಸಿಯ ಹತ್ತಿರಕ್ಕೇ ಬಂದುಬಿಡುತ್ತದೆ. ನಡುವೆ ಬೇರೆ ಹೋಟೆಲುಗಳಲ್ಲೂ ನಿಲ್ಲಬಹುದು, ಒಂದೂವರೆ ಗಂಟೆ ಹಿಡಿಯಿರಿ. ಇಳಿಸುವುದು ರಿಸೆಪ್ಷನ್ ಔಟ್‌ಪೋಸ್ಟ್‌ನಲ್ಲಿ, ಸೈಟಿನಲ್ಲಲ್ಲ.

ಲಿಂಕ್ಸ್, ಅಂದರೆ ಊರ ಬಸ್ಸು. ಒಂದು ಸಲಕ್ಕೆ 2 ಡಾಲರ್, ಇಡೀ ದಿನಕ್ಕೆ 4.50. ನೋಟು ಹಾಕಿದರೆ ಚಿಲ್ಲರೆ ವಾಪಸ್ ಬರುವುದಿಲ್ಲ. ಲಿಂಕ್ಸ್ ಬಸ್ಸು ಕ್ಯಾಂಪ್‌ಗ್ರೌಂಡ್ ಒಳಗೆ ಬರುವುದಿಲ್ಲ. ಡಿಸ್ನಿ ಆವರಣದ ನಿಲ್ದಾಣದಲ್ಲಿ ಇಳಿದು ಡಿಸ್ನಿಯ ಪುಕ್ಕಟೆ ಬಸ್ಸಿಗೆ ಬದಲಿಸಬೇಕು. ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಬದಲಿಸುವುದು ಲೇಸು, ಅಲ್ಲಿಂದ ಫೋರ್ಟ್ ವೈಲ್ಡರ್‌ನೆಸ್‌ಗೆ ನೇರ ಬಸ್ಸಿದೆ. ಒಂದು ಬೆನ್ನುಚೀಲ ಹಾಕಿಕೊಂಡು ಬರುವ ಒಂಟಿ ಪ್ರಯಾಣಿಕರಿಗೆ ಇದು ಚೆನ್ನಾಗಿ ಆಗುತ್ತದೆ. ಟೆಂಟು, ಮಕ್ಕಳು, ಹಿರಿಯರು ಇದ್ದರೆ ಬೇಡ. ಎರಡು-ಮೂರು ಗಂಟೆ ಮತ್ತು ಮೂರು ಸಲ ಹತ್ತಿ ಇಳಿಯುವುದು.

ಮಯಾಮಿ ಕಡೆಯ ನೆಂಟರು ಸೇರಿಕೊಳ್ಳುವುದಿದ್ದರೆ 2023ರ ಸೆಪ್ಟೆಂಬರಿನಿಂದ ಬ್ರೈಟ್‌ಲೈನ್ ರೈಲು ಒರ್ಲಾಂಡೊ ಏರ್‌ಪೋರ್ಟ್‌ನ ಟರ್ಮಿನಲ್ ಸಿ ತನಕ ಬರುತ್ತದೆ. ಅಲ್ಲಿಂದ ಮುಂದೆ ಮೇಲಿನ ದಾರಿಗಳೇ.

ಟೆಂಟುಗೂಟ
ವಿಮಾನದವರಿಗೆ ಒಂದು ಸೇರಿಸುತ್ತೇನೆ. ಕ್ಯಾಂಪ್ ಒಲೆಯ ಗ್ಯಾಸ್ ಡಬ್ಬಿ ಕೈಚೀಲಕ್ಕೂ ಇಲ್ಲ, ಚೆಕ್-ಇನ್ ಚೀಲಕ್ಕೂ ಇಲ್ಲ. ಗೂಟ, ಸುತ್ತಿಗೆ ಚೆಕ್-ಇನ್‌ನಲ್ಲಿ. ಎರಡೂ ಸಂಸಾರ ಕೂಡುವುದರಿಂದ ಭಾರದ್ದೆಲ್ಲ ಕಾರಿನವರೇ ತರಲಿ. ವಿಮಾನದವರು ಆ ದಿನ ಕಾರಿನವರ ನಂತರ ತಲುಪುವ ಹಾಗೆ ಟಿಕೆಟ್ ತೆಗೆಯಿರಿ, ಟೆಂಟು ಎದ್ದಿರುತ್ತದೆ.

ಗಾಲಿಮನೆ
ಟ್ರೇಲರ್, ಮೋಟರ್‌ಹೋಮ್ ತರುವವರೂ ಇದನ್ನು ಓದುತ್ತಾರೆ, ಅವರಿಗಾಗಿ.

ಇಲ್ಲಿನ ಸೈಟುಗಳೆಲ್ಲ ಹಿಮ್ಮುಖವಾಗಿ ನುಗ್ಗಿಸುವಂಥವು. ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಡುವ ಸೈಟು ಇಲ್ಲ. ಲೂಪಿನ ರಸ್ತೆ ಕಿರಿದು, ಎರಡೂ ಕಡೆ ಮರ. ಸೈಟಿನ ಬಾಯಿ ದಾಟಿ ಮುಂದೆ ಹೋಗಿ ನಿಲ್ಲಿಸಿ, ಇಬ್ಬರು ಇಳಿಯಬೇಕು: ಒಬ್ಬರು ಟ್ರೇಲರಿನ ಹಿಂದಿನ ಚಾಲಕನ ಬದಿಯ ಮೂಲೆಯಲ್ಲಿ, ಕನ್ನಡಿಯಲ್ಲಿ ಮುಖ ಕಾಣುವ ಹಾಗೆ; ಇನ್ನೊಬ್ಬರು ರಸ್ತೆಯ ಆಚೆ ಬದಿಯಲ್ಲಿ, ಎಳೆಯುವ ಗಾಡಿಯ ಮೂತಿ ಎದುರಿನ ಮರಕ್ಕೆ ತಾಗದ ಹಾಗೆ. ಹಿಂದಿನ ಮೂಲೆಯನ್ನೇ ಎಲ್ಲರೂ ನೋಡುತ್ತಾರೆ, ಆದರೆ ಪೆಟ್ಟು ತಿನ್ನುವುದು ಮುಂದಿನ ಮೂಲೆ ಮತ್ತು ಮಾಡಿನ ಮೇಲಿನ ಎಸಿ, ಬಾಗಿದ ಕೊಂಬೆಗೆ. ಮೇಲೆ ನೋಡಲು ಒಬ್ಬರಿಗೆ ಹೇಳಿಬಿಡಿ. ಕತ್ತಲಾದ ಮೇಲೆ ತಲುಪುವ ಯೋಜನೆ ಬೇಡವೇ ಬೇಡ; ಒಳಗೆ ದೀಪ ಬೇಕಂತಲೇ ಕಡಿಮೆ.

ಸೈಟಿನ ಕಂಬದಲ್ಲಿ 20, 30, 50 ಆಂಪಿಯರ್ ಮೂರೂ ಪ್ಲಗ್ ಇರುತ್ತವೆ. 25 ಅಡಿಯ ನೀರಿನ ಪೈಪು, ಒತ್ತಡ ತಗ್ಗಿಸುವ ರೆಗ್ಯುಲೇಟರ್, ಕೊಳಚೆ ಪೈಪು 20 ಅಡಿ ಇದ್ದರೆ ನಿಶ್ಚಿಂತೆ. ಟೆಂಟ್ ಸೈಟಿನಲ್ಲಿ ನೀರು, ಕರೆಂಟು ಇದೆ, ಕೊಳಚೆ ಸಂಪರ್ಕ ಇಲ್ಲ.

ಸೈಟು ಆರಿಸುವಾಗ ಗಾಡಿಯ ಪೂರ್ತಿ ಉದ್ದ ಹೇಳಿ, ಮುಂದಿನ ಕೊಕ್ಕೆಯಿಂದ ಹಿಂದಿನ ಏಣಿಯ ತನಕ. ಕಂಪನಿಯ ಹೆಸರಿನಲ್ಲಿರುವ 28, 32 ಅನ್ನುವ ಅಂಕಿ ಒಳಕೋಣೆಯ ಉದ್ದವಾಗಿರಬಹುದು. ಟೇಪು ಹಿಡಿದು ಅಳೆಯಿರಿ.

ಮೋಟರ್‌ಹೋಮ್ ಒಂದೇ ಇದ್ದು ಹಿಂದೆ ಚಿಕ್ಕ ಕಾರು ಎಳೆದು ತರದಿದ್ದರೆ ಅದನ್ನು ದಿನಾ ಬಿಚ್ಚಿ ಪಾರ್ಕಿಗೆ ಓಡಿಸಬೇಡಿ. ನೀರು, ಕರೆಂಟು, ಕೊಳಚೆ ಬಿಚ್ಚಿ, ಮಟ್ಟದ ಹಲಗೆ ತೆಗೆದು, ಸಂಜೆ ಮತ್ತೆ ಕತ್ತಲಲ್ಲಿ ಹಿಮ್ಮುಖ ನುಗ್ಗಿಸುವುದು ಮೈಮುರಿಯುವ ಕೆಲಸ. ನಿಲ್ಲಿಸಿದ್ದು ನಿಂತೇ ಇರಲಿ, ಬಸ್ಸು ದೋಣಿ ಹಿಡಿಯಿರಿ.

ಗೇಟಿನಲ್ಲಿ ಚಾಲಕನ ಫೋಟೋ ಐಡಿ ಕೇಳುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಹಿಂದಿನ ಪೆಟ್ಟಿಗೆಯಲ್ಲಿ ಉಳಿಯದಿರಲಿ.

ಕಾಡುದಾರಿ
ಈಗ 'ಕಾರೋ ಬಸ್ಸೋ' ಅನ್ನುವ ಪ್ರಶ್ನೆ. ಒಂದೇ ಉತ್ತರ ಇಲ್ಲ, ಪಾರ್ಕಿಗೊಂದು ಉತ್ತರ.

ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋಗಬೇಡಿ. ಅದರ ಪಾರ್ಕಿಂಗ್ ಪಾರ್ಕಿನ ಬಾಗಿಲಲ್ಲಿ ಇಲ್ಲ. ಕೆರೆಯ ಆಚೆ ಟಿಟಿಸಿ ಅನ್ನುವ ಸಾರಿಗೆ ಕೇಂದ್ರದಲ್ಲಿದೆ. ಕಾರು ನಿಲ್ಲಿಸಿ, ತಪಾಸಣೆ ಮುಗಿಸಿ, ಮೋನೋರೈಲ್ ಅಥವಾ ದೊಡ್ಡ ಫೆರಿ ಹತ್ತಿ ಆಚೆ ದಡಕ್ಕೆ ಹೋಗಬೇಕು. ನಿಮ್ಮ ಕ್ಯಾಂಪ್‌ಗ್ರೌಂಡಿನ ದೋಣಿಯೋ ಪಾರ್ಕಿನ ಬಾಗಿಲ ಮುಂದೇ ಇಳಿಸುತ್ತದೆ. ಇದನ್ನು ಬಿಟ್ಟು ಕಾರು ತೆಗೆಯುವುದು ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ.

ಅನಿಮಲ್ ಕಿಂಗ್‌ಡಮ್ ಇದಕ್ಕೆ ತದ್ವಿರುದ್ಧ. ನಾಲ್ಕರಲ್ಲಿ ಅದೇ ದೂರ, ಬೆಳಿಗ್ಗೆ ಬೇಗ ತೆರೆಯುವುದೂ ಸಾಮಾನ್ಯವಾಗಿ ಅದೇ. ಬಸ್ಸಿನ ಲೆಕ್ಕ ಹಾಕಿ ನೋಡಿ: ಲೂಪಿನ ನಿಲ್ದಾಣದಲ್ಲಿ 15 ನಿಮಿಷ ಕಾಯುವುದು, ಔಟ್‌ಪೋಸ್ಟ್‌ಗೆ 10 ನಿಮಿಷ, ಅಲ್ಲಿ ಮತ್ತೆ 20 ನಿಮಿಷ ಕಾಯುವುದು, ಪ್ರಯಾಣ 20 ನಿಮಿಷ. ಒಂದು ಗಂಟೆ ದಾಟಿತು. ಸೈಟಿನಿಂದ ಕಾರು ತೆಗೆದರೆ ಇಪ್ಪತ್ತು ನಿಮಿಷದ ಮಾತು. ಹಾಲಿವುಡ್ ಸ್ಟುಡಿಯೋಸ್, ಎಪ್ಕಾಟ್‌ಗೂ ಕಾರೇ ವೇಗ, ಅಂತರ ಅಷ್ಟು ದೊಡ್ಡದಲ್ಲ ಅಷ್ಟೆ. ಕ್ಯಾಂಪ್‌ಗ್ರೌಂಡಿನಲ್ಲಿ ತಂಗಿರುವವರಿಗೆ ಪಾರ್ಕುಗಳಲ್ಲಿ ಪಾರ್ಕಿಂಗ್ ಶುಲ್ಕ ಇಲ್ಲ.

ಆದರೆ ನೀವು ಎಂಟು ಜನ, ಒಂದು ಕಾರು. ಐದೇ ಸೀಟಿನ ಕಾರಾದರೆ ಹಿರಿಯರು ಮತ್ತು ಮಕ್ಕಳು ಕಾರಿನಲ್ಲಿ, ಉಳಿದವರು ಮುಕ್ಕಾಲು ಗಂಟೆ ಮೊದಲು ಬಸ್ಸಿಗೆ ಹೊರಡುವುದು ಒಳ್ಳೆಯ ಹಂಚಿಕೆ. ಎಲ್ಲರೂ ಒಂದೇ ಹೊತ್ತಿಗೆ ಹೋಗಬೇಕು ಅಂದರೆ ಕಾರಿನಲ್ಲಿ ಹಿಡಿಸದವರಿಗೆ ಡಿಸ್ನಿಯ ಮಿನ್ನಿ ವ್ಯಾನ್ ಇದೆ, ಲಿಫ್ಟ್ ಆ್ಯಪ್‌ನಲ್ಲಿ ಸಿಗುತ್ತದೆ, ಮಕ್ಕಳ ಸೀಟು ಅದರಲ್ಲೇ ಇರುತ್ತದೆ. ದರ ಮಾತ್ರ ಹೆಚ್ಚು.

ಡಿಸ್ನಿ ಸ್ಪ್ರಿಂಗ್ಸ್ ಬಗ್ಗೆ ಒಂದು ಎಚ್ಚರ: ಅಲ್ಲಿಂದ ಪಾರ್ಕುಗಳಿಗೆ ನೇರ ಬಸ್ಸಿಲ್ಲ. 'ಬೆಳಿಗ್ಗೆ ಅಲ್ಲಿ ತಿಂಡಿ ತಿಂದು ಪಾರ್ಕಿಗೆ' ಅನ್ನುವ ಲೆಕ್ಕ ಬಸ್ಸಿನಲ್ಲಿ ಕೆಡುತ್ತದೆ.

ಅಕ್ಕಿರೊಟ್ಟಿ
ಗಾಲ್ಫ್ ಕಾರ್ಟ್ ಬಗ್ಗೆ: ಬೇಕೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. 100, 200, 300ನೇ ಲೂಪಿನಲ್ಲಿದ್ದು ಮ್ಯಾಜಿಕ್ ಕಿಂಗ್‌ಡಮ್‌ಗೇ ಹೆಚ್ಚು ಹೋಗುವವರಿಗೆ ದೋಣಿಕಟ್ಟೆ ನಡೆದುಹೋಗುವಷ್ಟು ದೂರ. ಕಾರ್ಟ್‌ನ ದುಡ್ಡು ದಿನಕ್ಕಿಷ್ಟು ಅಂತ ಸೇರಿ ಟೆಂಟ್ ಸೈಟಿನ ಬಾಡಿಗೆಯ ಪಕ್ಕ ನಿಲ್ಲುತ್ತದೆ. ಸೈಕಲ್ಲು ಸಾಕು, ನೆಲ ಸಪಾಟು, ಏರು ಇಲ್ಲವೇ ಇಲ್ಲ. ಸ್ವಂತ ಸೈಕಲ್ಲು ತರಬಹುದು, ಮೆಡೋ ಬಳಿಯ ಬೈಕ್ ಬಾರ್ನ್‌ನಲ್ಲಿ ಬಾಡಿಗೆಗೂ ಸಿಗುತ್ತದೆ.

ಕಾಡುದಾರಿ
ಆ ಮೂರು ಲೂಪಿಗೆ ನಿಮ್ಮ ಮಾತು ಪೂರ್ತಿ ಸರಿ. ಆದರೆ ಇವರದು ಟೆಂಟ್ ಲೂಪು, ಮತ್ತು ಎಪ್ಪತ್ತರ ಇಬ್ಬರಿದ್ದಾರೆ. ಶೌಚಾಲಯ-ಸ್ನಾನದ ಮನೆಗೂ ನಡಿಗೆ, ನಿಲ್ದಾಣಕ್ಕೂ ನಡಿಗೆ, ರಾತ್ರಿ ಪಾರ್ಕಿನಿಂದ ಬಂದು ಮತ್ತೆ ಒಳಬಸ್ಸಿಗೆ ಕಾಯುವುದು. ಮಂಡಿನೋವಿರುವವರಿಗೆ ಸೈಕಲ್ಲಿನ ಸಲಹೆ ನಡೆಯುವುದಿಲ್ಲ. ಇವರಿಗೆ ಕಾರ್ಟ್ ಒಂದಾದರೂ ಬೇಕು ಅನ್ನುವುದೇ ನನ್ನ ನಿಲುವು.

ಕಾರ್ಟ್ ತೆಗೆದುಕೊಂಡರೆ ತಿಳಿದಿರಬೇಕಾದದ್ದು. ಸೈಟಿನ ಬುಕಿಂಗ್ ಜೊತೆ ಅದು ತಾನಾಗಿ ಬರುವುದಿಲ್ಲ, ಬೇರೆಯಾಗಿ ಫೋನ್ ಮಾಡಿ ಕಾಯ್ದಿರಿಸಬೇಕು. ಹ್ಯಾಲೋವೀನ್, ಕ್ರಿಸ್‌ಮಸ್ ವಾರಗಳಲ್ಲಿ ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತವೆ. ಎಲೆಕ್ಟ್ರಿಕ್ ಮಾತ್ರ, ಪೆಟ್ರೋಲಿನದು ಒಳಗೆ ಬಿಡುವುದಿಲ್ಲ. ಲೈಸೆನ್ಸ್ ಇದ್ದವರೇ ಓಡಿಸಬೇಕು. ಕ್ಯಾಂಪ್‌ಗ್ರೌಂಡ್ ಬಿಟ್ಟು ಹೊರಗೆ ಹೋಗುವಂತಿಲ್ಲ, ಅಂದರೆ ಔಟ್‌ಪೋಸ್ಟ್ ಮತ್ತು ಸೆಟಲ್‌ಮೆಂಟ್ ಎರಡೇ ಅದರ ಗಡಿ. ಸೀಟು ನಾಲ್ಕು ಅಂದರೆ ನಾಲ್ಕೇ ಜನ, ಮಡಿಲಲ್ಲಿ ಮಗು ಕೂರಿಸುವುದು ಬೇಡ, ತಿರುವಿನಲ್ಲಿ ಪಕ್ಕಕ್ಕೆ ಹಿಡಿಯಲು ಬಾಗಿಲೇ ಇಲ್ಲ.

ರಾತ್ರಿ ಚಾರ್ಜಿಗೆ ಹಾಕುವುದನ್ನು ಮರೆತರೆ ಮರುದಿನ ಮಧ್ಯಾಹ್ನಕ್ಕೆ ನಡುದಾರಿಯಲ್ಲಿ ನಿಲ್ಲುತ್ತದೆ. ಸೈಟಿನ ಕಂಬದ 20 ಆಂಪಿಯರ್ ಪ್ಲಗ್ಗಿಗೆ ಹಾಕಿ. ಎಕ್ಸ್‌ಟೆನ್ಷನ್ ವೈರು ಬೇಕಾದರೆ ಹೊರಾಂಗಣದ್ದು, ದಪ್ಪನೆಯದು, 12 ಗೇಜ್, 25 ಅಡಿಗಿಂತ ಉದ್ದ ಬೇಡ. ತೆಳ್ಳಗಿನ ಉದ್ದ ವೈರು ಬಿಸಿಯಾಗಿ ಬ್ರೇಕರ್ ಬೀಳುತ್ತದೆ, ಬೆಳಿಗ್ಗೆ ನೋಡಿದರೆ ಬ್ಯಾಟರಿ ಅರ್ಧ. ವೈರು ಕೂಡುವ ಜಾಗವನ್ನು ನೆಲದ ಮೇಲೆ ಬಿಡದೆ ಸೀಟಿನ ಮೇಲೋ ಕಂಬಕ್ಕೋ ಎತ್ತಿ ಕಟ್ಟಿ; ಅಲ್ಲಿ ಮಳೆ ಹೇಳಿ ಬರುವುದಿಲ್ಲ. ಎಲ್ಲಕ್ಕಿಂತ ಮೊದಲು, ಪ್ಲಗ್ ಹಾಕಿದ ಮೇಲೆ ಚಾರ್ಜರಿನ ದೀಪ ಹತ್ತಿತೇ ಅಂತ ಬಗ್ಗಿ ನೋಡಿ.

ಅಕ್ಕಿರೊಟ್ಟಿ
ಹಿರಿಯರ ಮಾತು ಒಪ್ಪಿದೆ. ಹಾಗಾದರೆ ಒಂದು ಕಾರ್ಟು, ಎರಡು ಸೈಕಲ್ಲು.

ಹನಿಮಳೆ
ಹೋಗುವುದು ಜುಲೈ ತಿಂಗಳಲ್ಲಿ. ದೋಣಿ ಮಳೆಯಲ್ಲಿ ನಡೆಯುತ್ತದೆಯೇ?

ನಿಲ್ದಾಣ
ಮಳೆಗೆ ನಿಲ್ಲುವುದಿಲ್ಲ, ಮಿಂಚಿಗೆ ನಿಲ್ಲುತ್ತದೆ. ಜುಲೈನಲ್ಲಿ ಮಧ್ಯ ಫ್ಲೋರಿಡಾದಲ್ಲಿ ಮಧ್ಯಾಹ್ನದ ಗುಡುಗು ಹೆಚ್ಚುಕಮ್ಮಿ ದಿನಚರಿ. ಎರಡೂ ಕಡಲತೀರದಿಂದ ಬೀಸುವ ತೇವದ ಗಾಳಿ ನಡುನೆಲದ ಮೇಲೆ ಒಂದಕ್ಕೊಂದು ಎದುರಾಗಿ ಮೇಲೇರುತ್ತದೆ. ಬೆಳಿಗ್ಗೆ ತಿಳಿ ಆಕಾಶ, 2 ಗಂಟೆಗೆ ಕಪ್ಪು ಮೋಡ, 5ರೊಳಗೆ ಮತ್ತೆ ಬಿಸಿಲು. ಮಿಂಚು ಹತ್ತಿರ ಬಂದ ಕೂಡಲೇ ದೋಣಿಗಳನ್ನು ಕಟ್ಟಿಹಾಕುತ್ತಾರೆ. ಆಗ ಮ್ಯಾಜಿಕ್ ಕಿಂಗ್‌ಡಮ್‌ಗೆ ಬದಲಿ ಬಸ್ಸು ಬಿಡುತ್ತಾರೆ. ಸೆಟಲ್‌ಮೆಂಟ್‌ನ ಕಟ್ಟೆಯಲ್ಲಿ ದೋಣಿಗೆ ಕಾಯುತ್ತಾ ಕೂರುವ ಬದಲು ಸಿಬ್ಬಂದಿಯನ್ನು ಕೇಳಿ, ಬಸ್ಸು ಎಲ್ಲಿಂದ ಹೊರಡುತ್ತಿದೆ ಅಂತ.

ಬೆಳಿಗ್ಗೆಯ ದೋಣಿಗೆ ಈ ಭಯ ಕಡಿಮೆ. ಕಟ್ಟೆಯಲ್ಲಿ ಬೇರೆ ಬೇರೆ ದೋಣಿ ಬರುತ್ತವೆ, ಹತ್ತುವ ಮೊದಲು ಕೇಳಿ: ಒಂದು ನೇರ ಮ್ಯಾಜಿಕ್ ಕಿಂಗ್‌ಡಮ್‌ಗೆ, ಇನ್ನೊಂದು ವೈಲ್ಡರ್‌ನೆಸ್ ಲಾಡ್ಜ್ ಮತ್ತು ಕಂಟೆಂಪರರಿ ಹೋಟೆಲಿಗೆ. ಮಕ್ಕಳ ಗಾಡಿ ಮಡಚುವಂಥದ್ದೇ ತನ್ನಿ, ಬಸ್ಸಿನಲ್ಲಂತೂ ಮಡಚಲೇಬೇಕು.

ರಾತ್ರಿ ಪಟಾಕಿ ಪ್ರದರ್ಶನ ಮುಗಿದ ಅರ್ಧ ಗಂಟೆ ದೋಣಿಯ ಸಾಲು ಬಹಳ ಉದ್ದ. ಎರಡು ಉಪಾಯ. ಒಂದು, ಮುಗಿಯುವ ಮೊದಲೇ ಬಾಗಿಲ ಹತ್ತಿರ ಬಂದು ಅಲ್ಲಿಂದಲೇ ನೋಡಿ ಹೊರಡುವುದು. ಇನ್ನೊಂದು, ನಡೆಯಬಲ್ಲವರು ಪಾರ್ಕಿನ ಬಾಗಿಲಿಂದ ಹತ್ತು ನಿಮಿಷದಲ್ಲಿ ಕಂಟೆಂಪರರಿಗೆ ನಡೆದು ಅಲ್ಲಿಂದ ದೋಣಿ ಹಿಡಿಯುವುದು. ಆ ದೋಣಿಯ ಕೊನೆಯ ಸಮಯ ಬೆಳಿಗ್ಗೆ ಹೋಗುವಾಗಲೇ ಕೇಳಿಟ್ಟುಕೊಂಡಿರಿ, ಇಲ್ಲದಿದ್ದರೆ ನಡೆದದ್ದು ವ್ಯರ್ಥ. ನಿಮ್ಮ ಹಿರಿಯರಿಗೆ ಮೊದಲನೆಯದೇ ಸರಿ.

ಕಾರ್ಟನ್ನು ಬೆಳಿಗ್ಗೆ ದೋಣಿಕಟ್ಟೆಯಲ್ಲಿ ನಿಲ್ಲಿಸಿ ಹೋಗುವವರು ನಿಲ್ಲಿಸಿದ ಸಾಲಿನ ಫೋಟೋ ತೆಗೆದುಕೊಳ್ಳಿ. ರಾತ್ರಿ ಅಲ್ಲಿ ನೂರಾರು ಕಾರ್ಟು, ಎಲ್ಲವೂ ಒಂದೇ ಬಣ್ಣ, ಬೆಳಕು ಮಂದ. ಸೀಟಿಗೆ ಒಂದು ಕೆಂಪು ಟವಲ್ ಕಟ್ಟಿದರೂ ಸಾಕು. ಮಳೆಗಾಲದಲ್ಲಿ ಸೀಟು ಒರೆಸಲೂ ಅದೇ ಆಗುತ್ತದೆ.

ನಕ್ಷೆಪ್ರಿಯ
ಕ್ಯಾಂಪ್‌ಗ್ರೌಂಡಿನಲ್ಲಿ ತಂಗದೆ ಊಟದ ಕಾರ್ಯಕ್ರಮಕ್ಕಷ್ಟೇ ಬರುವ ನೆಂಟರಿದ್ದರೆ: ಹೂಪ್-ಡೀ-ಡೂ ಅನ್ನುವ ಆ ಕಾರ್ಯಕ್ರಮ ನಡೆಯುವ ಪಯೊನೀರ್ ಹಾಲ್ ಇರುವುದು ಕೆರೆಯ ತುದಿಯಲ್ಲಿ. ಅವರ ಕಾರು ನಿಲ್ಲುವುದು ಬಾಗಿಲ ಬಳಿಯ ಔಟ್‌ಪೋಸ್ಟ್‌ನಲ್ಲಿ. ಅಲ್ಲಿಂದ ಒಳಬಸ್ಸು. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಕಾರು ನಿಲ್ಲಿಸಿರಬೇಕು.

ಒಂದು ಸೈಟಿಗೆ ಹತ್ತು ಜನರ ತನಕ ಅವಕಾಶವಿದೆ, ಕಾರಿಗೆ ಒಂದೇ ಜಾಗ. ಎರಡನೇ ಕಾರು ಬಂದರೆ ಅದೂ ಔಟ್‌ಪೋಸ್ಟ್‌ಗೇ. ನಿಮಗೆ ಎರಡು ಸೈಟು ಇರುವುದರಿಂದ ವಿಮಾನದ ಸಂಸಾರ ಮನಸ್ಸು ಬದಲಿಸಿ ಬಾಡಿಗೆ ಕಾರು ತಂದರೂ ತೊಂದರೆ ಇಲ್ಲ.

ಹನಿಮಳೆ
ಎರಡು ಸೈಟು ಬೇರೆ ಬೇರೆ ಲೂಪಿನಲ್ಲಿ ಬಿದ್ದರೆ?

ಗಾಲಿಮನೆ
ಎರಡೂ ಬುಕಿಂಗ್ ನಂಬರು ಹಿಡಿದು ಈಗಲೇ ಫೋನ್ ಮಾಡಿ, ಒಂದಕ್ಕೊಂದು ಜೋಡಿಸಿ ಅಂತ ಹೇಳಿ. ಜೊತೆಗೆ ಸ್ನಾನದ ಮನೆಗೆ ಹತ್ತಿರದ ಸೈಟು ಬೇಕು ಅಂತ ವಿನಂತಿ ಬರೆಸಿ. ಹೊರಡುವ ವಾರ ಇನ್ನೊಮ್ಮೆ ಕೇಳಿ. ಆನ್‌ಲೈನ್ ಚೆಕ್-ಇನ್ ಮಾಡಿದ್ದರೆ ಸೈಟು ತಯಾರಾದಾಗ ನಂಬರು ಫೋನಿಗೆ ಬರುತ್ತದೆ. ಎರಡು ನಂಬರಿನ ಕೊನೆಯ ಎರಡಂಕಿ ಬಿಟ್ಟು ಮುಂದಿನದು ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಟೆಂಟಿನ ಗೂಟ ಹೊಡೆಯುವ ಮೊದಲೇ ರಿಸೆಪ್ಷನ್‌ನಲ್ಲಿ ಹೇಳಿ, ಹೊಡೆದ ಮೇಲೆ ಬದಲಿಸಲು ನಿಮಗೇ ಮನಸ್ಸು ಬರುವುದಿಲ್ಲ.